ಬೆಳ್ಳಿಯ ಊರಿಗೆ ಹೋದವರು ಮೊದಲು ಗಣಿಗೆ ಇಳಿಯಲಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮೆಕ್ಸಿಕೊ ದೇಶದ ಗ್ವಾನಹ್ವಾತೊ ನಗರದ ಕುರಿತು ಪ್ರಕಟವಾದ ಪ್ರವಾಸ ಲೇಖನವನ್ನು ಆಸಕ್ತಿಯಿಂದ ಓದಿದೆ. ಬೆಟ್ಟದ ಇಳಿಜಾರಿನಲ್ಲಿ ಒಂದರ ಮೇಲೊಂದು ಕೂತಂತಿರುವ ಬಣ್ಣದ ಮನೆಗಳು, ಸ್ಪೇನಿನವರ ಆಳ್ವಿಕೆಯ ಕಾಲದ ಚರ್ಚುಗಳು, 1903ರಲ್ಲಿ ಉದ್ಘಾಟನೆಯಾದ ಹ್ವಾರೆಸ್ ರಂಗಮಂದಿರ, ಇಬ್ಬರು ಎದುರಾದರೆ ಒಬ್ಬರು ಮೈ ಸರಿಸಿಯೇ ದಾಟಬೇಕಾದ ಓಣಿಗಳು, ಇವೆಲ್ಲವನ್ನೂ ಲೇಖಕರು ಸೊಗಸಾಗಿ ಬಣ್ಣಿಸಿದ್ದಾರೆ. ಆದರೆ ಆ ಊರು ಅಲ್ಲಿ ಹುಟ್ಟಲು ಕಾರಣವಾದ ಬೆಳ್ಳಿಯ ಗಣಿಗಳಿಗೆ ಇಡೀ ಲೇಖನದಲ್ಲಿ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ಮಗಳು ಆ ದೇಶದಲ್ಲಿ ನೆಲೆಸಿರುವುದರಿಂದ ಆ ನಗರವನ್ನು ನಿಧಾನವಾಗಿ ನಡೆದು ನೋಡುವ ಅವಕಾಶ ನನಗೆ ಒದಗಿತ್ತು. ಆ ಬಲದಿಂದ, ಮತ್ತು ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ ಇತಿಹಾಸ ಕಲಿಸಿದವನೆಂಬ ಕಾರಣದಿಂದ ಈ ಪತ್ರ ಬರೆಯುತ್ತಿದ್ದೇನೆ.

ಗ್ವಾನಹ್ವಾತೊವನ್ನು ಯುನೆಸ್ಕೊ 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಗರವನ್ನೂ ಅದಕ್ಕೆ ಹೊಂದಿದ ಗಣಿಗಳನ್ನೂ ಒಟ್ಟಿಗೇ ಹೆಸರಿಸಿತು. ಆ ಜೋಡಣೆ ಎಷ್ಟು ಸರಿಯೆಂಬುದು ಊರಿನ ಮೇಲ್ಭಾಗದ ವಾಲೆನ್ಸಿಯಾನ ಬಡಾವಣೆಗೆ ಹೋದರೆ ತಿಳಿಯುತ್ತದೆ. ಹದಿನೆಂಟನೆಯ ಶತಮಾನದ ಕೊನೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಬೆಳ್ಳಿ ಕೊಟ್ಟ ಗಣಿಗಳಲ್ಲಿ ವಾಲೆನ್ಸಿಯಾನವೂ ಒಂದು. ಅದರ ಒಡೆಯ ಕಟ್ಟಿಸಿದ, 1788ರಲ್ಲಿ ಪೂರ್ಣಗೊಂಡ ಸಾನ್ ಕಯೆತಾನೊ ಚರ್ಚಿನ ಬಾಗಿಲಿನಿಂದ ಗಣಿಯ ಬಾಯಿಗೆ ಕೆಲವೇ ನಿಮಿಷಗಳ ನಡಿಗೆ. ಚರ್ಚಿನ ಒಳಗೆ ನೆಲದಿಂದ ಸೂರಿನವರೆಗೆ ಎದ್ದು ನಿಂತ ಮರದ ಕೆತ್ತನೆಗಳಿಗೆ ಚಿನ್ನದ ರೇಕು ಹೊದಿಸಲಾಗಿದೆ. ಎಲೆ, ಬಳ್ಳಿ, ದೇವದೂತರ ಮುಖ ಎಂದು ಒಂದಂಗುಲ ಜಾಗವನ್ನೂ ಶಿಲ್ಪಿಗಳು ಖಾಲಿ ಬಿಟ್ಟಿಲ್ಲ. ನಮ್ಮ ಗುಂಪಿನ ಬಹುತೇಕರು ಅಲ್ಲಿ ಚಿತ್ರ ತೆಗೆದುಕೊಂಡು ಹಾಗೆಯೇ ಬಸ್ಸು ಹತ್ತಿದರು.

ಪಕ್ಕದಲ್ಲೇ ಇರುವ ಸಾನ್ ರಾಮೋನ್ ಗಣಿಬಾಯಿಯಲ್ಲಿ ತಲೆಗೆ ಹೆಲ್ಮೆಟ್ ಹಾಕಿಸಿ ಪ್ರವಾಸಿಗರನ್ನು ಒಳಗೆ ಬಿಡುತ್ತಾರೆ. ಮೆಟ್ಟಿಲಿಳಿಯುತ್ತ ಹೋದಂತೆ ಗೋಡೆ ತೇವವಾಗುತ್ತದೆ, ತಲೆಯ ಮೇಲಿನ ಬಂಡೆ ತಗ್ಗಾಗುತ್ತದೆ. ನಾವು ಇಳಿದದ್ದು ಗಣಿಯ ಮೇಲ್ಪದರಕ್ಕೆ ಮಾತ್ರ, ಅದೂ ಬರಿಗೈಯಲ್ಲಿ. ಆದರೂ ಮರಳಿ ಹತ್ತುವಾಗ ಮೊಣಕಾಲು ನಡುಗಿತು. 1803ರಲ್ಲಿ ವಾಲೆನ್ಸಿಯಾನಕ್ಕೆ ಬಂದಿದ್ದ ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಅವರು ಅದಿರು ಹೊರುವವರನ್ನು ಕಣ್ಣಾರೆ ಕಂಡು ದಾಖಲಿಸಿದ್ದಾರೆ: ನೂರು ಕಿಲೋಗೂ ಮಿಕ್ಕಿದ ಹೊರೆಯನ್ನು ಬೆನ್ನಿಗೇರಿಸಿಕೊಂಡು, ಬಿಸಿಗಾಳಿಯ ನಡುವೆ, ಸುಮಾರು 1,800 ಮೆಟ್ಟಿಲುಗಳನ್ನು ಅವರು ದಿನಕ್ಕೆ ಹಲವು ಬಾರಿ ಹತ್ತಿ ಇಳಿಯುತ್ತಿದ್ದರು. ಈ ವಿವರ ತಿಳಿದ ಮೇಲೆ ಚರ್ಚಿನೊಳಗೆ ಹೋಗಿ ನಿಂತರೆ ಆ ಚಿನ್ನದ ರೇಕಿನ ಬೆಲೆ ಬೇರೆಯಾಗಿಯೇ ಕಾಣುತ್ತದೆ. ಆದ್ದರಿಂದಲೇ ಅಲ್ಲಿಗೆ ಹೋಗುವ ನಮ್ಮವರಿಗೆ ನನ್ನ ಸಲಹೆ, ಮೊದಲು ಗಣಿ ನೋಡಿ, ಚರ್ಚಿಗೆ ಆಮೇಲೆ ಹೋಗಿ. ಊರು ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿರುವುದರಿಂದ ಉಸಿರಿಗೆ ಸ್ವಲ್ಪ ಸಮಯ ಕೊಟ್ಟು, ಜಾರದ ಪಾದರಕ್ಷೆ ಹಾಕಿಕೊಂಡು ಇಳಿಯಬೇಕು.

ಅದಿರಿನಿಂದ ಬೆಳ್ಳಿ ಬಿಡಿಸುತ್ತಿದ್ದ ಬಗೆಯನ್ನೂ ಪ್ರವಾಸಿಗರಿಗೆ ಹೇಳಬೇಕು. ಬಾರ್ತೊಲೊಮೆ ದೆ ಮೆದಿನ ಎಂಬಾತ 1550ರ ದಶಕದಲ್ಲಿ ಮೆಕ್ಸಿಕೊದ ಪಚುಕದಲ್ಲಿ ರೂಢಿಗೆ ತಂದ ಕ್ರಮ ಅದು. ನುಣ್ಣಗೆ ಅರೆದ ಅದಿರನ್ನು ಕಲ್ಲುಹಾಸಿನ ಅಂಗಳದಲ್ಲಿ ಕೆಸರಿನಂತೆ ಹರಡಿ, ಉಪ್ಪು, ತಾಮ್ರದ ಲವಣ ಮತ್ತು ಪಾದರಸ ಬೆರೆಸಿ, ನಮ್ಮ ಕಣದಲ್ಲಿ ಎತ್ತುಗಳಿಂದ ಭತ್ತ ತುಳಿಸಿದಂತೆ ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸುತ್ತಿದ್ದರು. ಬೆಳ್ಳಿಯು ಪಾದರಸದೊಡನೆ ಕೂಡಿಕೊಂಡ ಮೇಲೆ ಅದನ್ನು ತೊಳೆದು ಕಾಯಿಸಿದರೆ ಪಾದರಸ ಆವಿಯಾಗಿ ಬೆಳ್ಳಿ ಉಳಿಯುತ್ತಿತ್ತು. ಆ ಆವಿ ಹೊಕ್ಕಿದ್ದು ಕೆಲಸಗಾರರ ಎದೆಗೆ. ಪಾದರಸದ ಬಹುಪಾಲು ಸ್ಪೇನಿನ ಅಲ್ಮಾದೆನ್ ಗಣಿಯಿಂದ ಹಡಗಿನಲ್ಲಿ ಬರುತ್ತಿತ್ತು, ಅದರ ಮಾರಾಟ ರಾಜನ ಹಿಡಿತದಲ್ಲಿತ್ತು.

ಎಲ್ಲ ಬೆಳ್ಳಿಯ ಊರುಗಳ ದುಡಿಮೆಯೂ ಒಂದೇ ತೆರನಾಗಿರಲಿಲ್ಲ. ಈಗಿನ ಬೊಲಿವಿಯಾದ ಪೊಟೊಸಿಯಲ್ಲಿ ಸುತ್ತಲಿನ ಪ್ರಾಂತ್ಯಗಳ ಮೂಲನಿವಾಸಿ ಗಂಡಸರಲ್ಲಿ ಏಳನೆಯ ಒಂದು ಪಾಲು ಪ್ರತಿವರ್ಷ ಕಡ್ಡಾಯವಾಗಿ ಗಣಿಗೆ ಬರಬೇಕೆಂಬ ಕಟ್ಟಳೆಯಿತ್ತು. ಗ್ವಾನಹ್ವಾತೊದ ಗಣಿಗಳಲ್ಲಿ ಹೆಚ್ಚಾಗಿ ದುಡಿದವರು ಕೂಲಿ ಪಡೆಯುವ ಕಾರ್ಮಿಕರು. ಪೊಟೊಸಿಯ ಬೆಟ್ಟದಲ್ಲಿ ಇಂದಿಗೂ ಗಣಿಗಾರಿಕೆ ನಡೆದಿದೆ, ದುಡಿಯುವವರ ನಡುವೆಯೇ ಪ್ರವಾಸಿಗರನ್ನು ಒಳಗೆ ಕರೆದೊಯ್ಯಲಾಗುತ್ತದೆ. ಜೀವದ ಹಂಗು ತೊರೆದು ದುಡಿಯುತ್ತಿರುವವರನ್ನು ಟಿಕೆಟ್ಟು ಕೊಂಡು ನೋಡುವುದು ನನಗೆ ಒಪ್ಪಿಗೆಯಲ್ಲ. ಮೆಕ್ಸಿಕೊದ್ದೇ ಆದ ಸಾಕತೇಕಸ್ ನಗರದ ಎಲ್ ಎದೆನ್ ಬೆಳ್ಳಿಗಣಿ 1586ರಲ್ಲಿ ಆರಂಭವಾಗಿ ಇಪ್ಪತ್ತನೆಯ ಶತಮಾನದಲ್ಲಿ ಮುಚ್ಚಿತು. ಈಗ ಅದರೊಳಗೆ ಪುಟ್ಟ ರೈಲಿನಲ್ಲಿ ಜನರನ್ನು ಕರೆದೊಯ್ಯುತ್ತಾರೆ. ಕೆಲಸ ನಿಂತ ಗಣಿಯನ್ನು ಹೀಗೆ ಭದ್ರಪಡಿಸಿ ತೋರಿಸುವುದೇ ಸರಿಯಾದ ದಾರಿ.

ಲೇಖಕರು ‘ಹಳೆಯ ಉಗ್ರಾಣ’ ಎಂದಷ್ಟೇ ಹೇಳಿ ಮುಂದೆ ಸಾಗಿದ, ಗ್ವಾನಹ್ವಾತೊದ ಅಲೋಂದಿಗ ಕಟ್ಟಡದ ಬಗ್ಗೆಯೂ ಒಂದು ಮಾತು. 1810ರ ಸೆಪ್ಟೆಂಬರ್ 28ರಂದು ಸ್ವಾತಂತ್ರ್ಯ ಹೋರಾಟಗಾರರು ಈ ಧಾನ್ಯದ ಉಗ್ರಾಣಕ್ಕೆ ಮುತ್ತಿಗೆ ಹಾಕಿದಾಗ ಬೆನ್ನಿಗೆ ಕಲ್ಲುಚಪ್ಪಡಿ ಕಟ್ಟಿಕೊಂಡು, ಗುಂಡಿನ ಮಳೆಯ ನಡುವೆ ತೆವಳಿ ಹೋಗಿ ಬಾಗಿಲಿಗೆ ಬೆಂಕಿಯಿಟ್ಟವನು ‘ಪಿಪಿಲ’ ಎಂಬ ಅಡ್ಡಹೆಸರಿನ ಗಣಿ ಕೆಲಸಗಾರ ಎಂದು ಆ ಊರಿನವರು ಹೇಳುತ್ತಾರೆ. ಮುಂದೆ ಹೋರಾಟದ ನಾಯಕ ಇದಾಲ್ಗೊ ಮತ್ತು ಆತನ ಮೂವರು ಸಂಗಾತಿಗಳ ತಲೆಗಳನ್ನು ಇದೇ ಕಟ್ಟಡದ ನಾಲ್ಕು ಮೂಲೆಗಳಿಗೆ ತೂಗುಹಾಕಲಾಯಿತು; 1821ರವರೆಗೂ ಅವು ಅಲ್ಲೇ ಇದ್ದವು. ಊರಿನ ನೆತ್ತಿಯ ಮೇಲೆ ಇಂದು ದೊಡ್ಡದಾಗಿ ನಿಂತಿರುವ ಪ್ರತಿಮೆ ಆ ಗಣಿ ಕೆಲಸಗಾರನದು. ಗಣಿಯ ಒಡೆಯನಿಗೆ ಆ ಎತ್ತರ ಸಿಕ್ಕಿಲ್ಲ ಎಂಬುದನ್ನು ನಮ್ಮ ಓದುಗರು ಗಮನಿಸಬೇಕು.

ಇದು ಎಲ್ಲಿಯದೋ ಕಥೆಯೆಂದು ಮಲೆನಾಡಿಗರು ಪಕ್ಕಕ್ಕಿಡುವಂತೆಯೂ ಇಲ್ಲ. ನಮ್ಮ ಘಟ್ಟದ ಕಾಳುಮೆಣಸು ಹೊನ್ನಾವರ, ಬಸರೂರುಗಳಿಗೆ ಇಳಿದು ಪೋರ್ಚುಗೀಸರ ಹಡಗು ಸೇರುತ್ತಿದ್ದ ಕಾಲದಲ್ಲಿ, ಯುರೋಪಿನ ವರ್ತಕರು ಏಷ್ಯಾಕ್ಕೆ ತಂದು ಸುರಿದ ಬೆಳ್ಳಿಯ ದೊಡ್ಡ ಪಾಲು ಅಮೆರಿಕ ಖಂಡದ ಇಂಥ ಗಣಿಗಳದೇ ಆಗಿತ್ತು. ಕೆಳದಿ, ಇಕ್ಕೇರಿಗಳ ಸಿರಿಯನ್ನು ಮಕ್ಕಳಿಗೆ ಹೇಳುವಾಗ ಮೆಣಸಿನ ಬಳ್ಳಿಯ ಜೊತೆಗೆ ಈ ಬೆಳ್ಳಿಯ ಮಾತೂ ಬರಬೇಕು.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಕೆಮ್ಮಣ್ಣುಗುಂಡಿಯ ಬೆಟ್ಟದಲ್ಲಿ ಅಗೆದ ಕಬ್ಬಿಣದ ಅದಿರು ರೋಪ್‌ವೇಯ ತೊಟ್ಟಿಲುಗಳಲ್ಲಿ ಕೆಳಗಿಳಿದು ಭದ್ರಾವತಿಯ ಕುಲುಮೆ ಸೇರುತ್ತಿತ್ತು. ಮೈಸೂರು ಸಂಸ್ಥಾನ ಕಟ್ಟಿದ ಆ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಎತ್ತಿ ನಿಲ್ಲಿಸಿದರು. ಇಂದು ಕೆಮ್ಮಣ್ಣುಗುಂಡಿಗೆ ಹೋಗುವ ಸಾವಿರಾರು ಜನ ಹೂತೋಟ ಮತ್ತು ಝಡ್ ಪಾಯಿಂಟ್ ನೋಡಿ ಹಿಂದಿರುಗುತ್ತಾರೆ. ಅದು ಗಣಿಯ ಬೆಟ್ಟವಾಗಿತ್ತೆಂಬುದು ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ಗಣಿಯಿದ್ದ ಬೆಟ್ಟ ಚಿಕ್ಕಮಗಳೂರು ಜಿಲ್ಲೆಗೆ, ಕುಲುಮೆಯಿರುವ ಊರು ಶಿವಮೊಗ್ಗ ಜಿಲ್ಲೆಗೆ ಸೇರಿರುವುದರಿಂದ ಎರಡನ್ನೂ ಕೂಡಿಸಿ ತೋರಿಸುವ ಹೊಣೆ ಯಾರದೂ ಆಗಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಬ್ರಿಟಿಷರ ಕಾಲದ ಬಂಗಲೆಗಳನ್ನೂ ಕಾರ್ಮಿಕರ ಸಾಲುಮನೆಗಳನ್ನೂ ಒಂದೇ ಕಥೆಯಾಗಿ ಉಳಿಸಿಕೊಳ್ಳುವ ಅವಕಾಶ ಕೈಜಾರುತ್ತಿರುವುದನ್ನು ಕಂಡವರಿಗೆ ನನ್ನ ಆತಂಕ ಅರ್ಥವಾದೀತು.

ಎರಡೂ ಜಿಲ್ಲಾಡಳಿತಗಳು ಪ್ರವಾಸೋದ್ಯಮ ಇಲಾಖೆಯೊಡನೆ ಕೂತು ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯವರೆಗೆ ಅದಿರು ಇಳಿದು ಬಂದ ಹಾದಿಯನ್ನು ಒಂದು ಪರಂಪರೆಯ ಮಾರ್ಗವಾಗಿ ಗುರುತಿಸಬೇಕು. ರೋಪ್‌ವೇಯ ಅವಶೇಷಗಳನ್ನು ಗುಜರಿಗೆ ಹಾಕದೆ ಕಾಪಾಡಬೇಕು. ಆ ಕುಲುಮೆಗಾಗಿ ಮಲೆನಾಡಿನ ಎಷ್ಟೋ ಕಾಡು ಇದ್ದಿಲಾಯಿತೆಂಬುದನ್ನೂ ಅಲ್ಲಿನ ಫಲಕಗಳಲ್ಲಿ ಮುಚ್ಚಿಡದೆ ಬರೆಯಬೇಕು. ತಮ್ಮ ಪತ್ರಿಕೆಯೂ ಇದರಲ್ಲಿ ಕೈಜೋಡಿಸಬಹುದು: ಬೆಟ್ಟದ ಗಣಿಯಲ್ಲಿ, ರೋಪ್‌ವೇಯಲ್ಲಿ, ಕುಲುಮೆಯ ಮುಂದೆ ದುಡಿದ ಹಿರಿಯರು ಭದ್ರಾವತಿಯ ನ್ಯೂ ಟೌನ್ ಮತ್ತು ಹಳೇನಗರದ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತುಗಳನ್ನು ಅವರದೇ ಧ್ವನಿಯಲ್ಲಿ ದಾಖಲಿಸುವ ಕೆಲಸ ಮುಂದಿನ ಮಳೆಗಾಲಕ್ಕೆ ಮೊದಲೇ ಆರಂಭವಾಗಲೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ಭದ್ರಾವತಿ