ಲಾಗ್‌ಬುಕ್ ಹೇಳುವುದೊಂದು, ಅವರು ಹೇಳುವುದೊಂದು

ಪ್ರೀತಿಯ ತಂಗಿ,

ವಾಯುಪಡೆಯ ಹಿರಿಯರ ನೆನಪುಗಳನ್ನು ಕೇಳಿ ಬರೆದ ನಿನ್ನ ಹಸ್ತಪ್ರತಿಯನ್ನೂ ಅದರ ಜೊತೆಗಿದ್ದ ಬೇಸರದ ಪತ್ರವನ್ನೂ ಓದಿದೆ. ಪ್ಯಾಕೆಟ್ ಎಂಬ ಸಾಗಣೆ ವಿಮಾನದಲ್ಲಿ ಫ್ಲೈಟ್ ಎಂಜಿನಿಯರ್ ಆಗಿದ್ದ ಆ ಹಿರಿಯರು, 1962ರ ಜುಲೈ 23ರಂದು ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ಮೊದಲು ಇಳಿದ ವಿಮಾನದಲ್ಲೇ ತಾವಿದ್ದೆವು ಎಂದು ವಿವರವಾಗಿ ಹೇಳಿದ್ದಾರೆ. ಆಮೇಲೆ ಅವರ ಲಾಗ್‌ಬುಕ್ ತೆಗೆದರೆ ಆ ದಿನ ಅವರು ಹಾರಿಯೇ ಇಲ್ಲ. ‘ಇವರನ್ನು ಪುಸ್ತಕದಿಂದ ಕೈಬಿಡಲೇ, ಇಲ್ಲ ತಾರೀಕನ್ನಷ್ಟೇ ಸದ್ದಿಲ್ಲದೆ ಸರಿಮಾಡಲೇ?’ ಎಂದು ಕೇಳಿದ್ದೀಯ. ಎರಡೂ ಬೇಡ. ಎರಡನೆಯದಂತೂ ಖಂಡಿತ ಬೇಡ.

ಯಾವ ರೆಕಾರ್ಡರ್, ಎಂಥ ಮೈಕು ಎಂಬ ಪ್ರಶ್ನೆಗಳಿಗೆ ಉತ್ತರ ಯಾರಾದರೂ ಕೊಡುತ್ತಾರೆ. ಫ್ಯಾನ್ ಆರಿಸು, ಎರಡು ಯಂತ್ರಗಳಲ್ಲಿ ದಾಖಲಿಸು, ಒಂದೂವರೆ ಗಂಟೆಗೆ ನಿಲ್ಲಿಸು, ಅದೇ ಸಂಜೆ ಮೂರು ಪ್ರತಿ ಮಾಡಿ ಬೇರೆ ಬೇರೆ ಕಡೆ ಇಡು. ಇಷ್ಟು ಸಾಕು. ಆದರೆ ಯಾರೂ ಹೇಳದ ಒಂದು ಸಂಗತಿ ಇದೆ: ಅವರ ಕಿವಿ. ದೊಡ್ಡ ಪಿಸ್ಟನ್ ಎಂಜಿನ್‌ಗಳ ಮಗ್ಗುಲಲ್ಲಿ ವರ್ಷಗಟ್ಟಲೆ ಕೂತವರಿಗೆ ಮೊದಲು ಕೈಕೊಡುವುದು ಮೇಲಿನ ಸ್ಥಾಯಿಯ ಸದ್ದುಗಳು. ಸ, ಶ, ತ ಸರಿಯಾಗಿ ಕೇಳಿಸುವುದಿಲ್ಲ. ಪ್ರಶ್ನೆಯನ್ನು ಅರ್ಧ ಊಹಿಸಿ ಉತ್ತರ ಕೊಡುತ್ತಾರೆ, ನೀನು ಅದನ್ನು ಮರೆವು ಎಂದು ಬರೆದುಕೊಳ್ಳುತ್ತೀಯ. ತುಟಿ ಕಾಣುವಂತೆ ಎದುರಿಗೆ ಕೂತು, ದನಿಯ ಶ್ರುತಿ ಇಳಿಸಿ, ನಿಧಾನವಾಗಿ ಕೇಳು. ಕಿರುಚಿದರೆ ಇನ್ನೂ ಕಡಿಮೆ ಕೇಳಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಲಾಗ್‌ಬುಕ್ ಒಂದು ದಾಖಲೆ, ನೆನಪು ಇನ್ನೊಂದು ದಾಖಲೆ. ಒಂದರಿಂದ ಇನ್ನೊಂದನ್ನು ತಿದ್ದಿದ ಕ್ಷಣ ಎರಡನ್ನೂ ಕಳೆದುಕೊಂಡೆ ಎಂದೇ ತಿಳಿ. ಲಾಗ್‌ಬುಕ್ಕಿನಲ್ಲಿ ದಿನಾಂಕ, ವಿಮಾನದ ನಂಬರು, ಕ್ಯಾಪ್ಟನ್ ಹೆಸರು, ಕೆಲಸ, ಹಾರಿದ ಗಂಟೆಗಳು ಇರುತ್ತವೆ. ಹಲವರು ತಿಂಗಳ ಕೊನೆಗೆ ಒಟ್ಟಿಗೆ ಕೂತು ಅದನ್ನು ತುಂಬಿದವರು, ಹಾಗಾಗಿ ಅದರಲ್ಲೂ ತಪ್ಪು ನುಸುಳುತ್ತದೆ. ನೆನಪಿನಲ್ಲಿರುವುದು ಬೇರೆ. ಆ ಇಳಿತದ ಸುದ್ದಿ ಅಂದು ರಾತ್ರಿ ಮೆಸ್ಸಿಗೆ ಹೇಗೆ ಬಂತು, ಯಾರು ಯಾರ ಬಾಯಿಂದ ಕೇಳಿದರು, 16,600 ಅಡಿಗೂ ಎತ್ತರದ ಆ ನೆಲದ ಮೇಲೆ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ ಪ್ಯಾಕೆಟ್ ಇಳಿಸಿದ್ದು ಇಡೀ ತುಕಡಿಯ ಸ್ವಂತ ಅನುಭವವಾಗಿ ಹೇಗೆ ಬೆಳೆಯಿತು ಎಂಬುದೆಲ್ಲ ಅಲ್ಲಿದೆ. ಅವರು ಸುಳ್ಳು ಹೇಳುತ್ತಿಲ್ಲ ಕಣಮ್ಮ. ಆಮೇಲೆ ತಾವೇ ಇಳಿದದ್ದನ್ನೂ ಮೊದಲ ಇಳಿತದ ಬಗ್ಗೆ ಕೇಳಿದ್ದನ್ನೂ ಅರವತ್ತು ವರ್ಷ ಜೊತೆಗೇ ಇಟ್ಟುಕೊಂಡಿದ್ದಾರೆ.

ಆದ್ದರಿಂದ ಅವರ ಮಾತು ಹೇಗಿದೆಯೋ ಹಾಗೇ ಅಚ್ಚಾಗಲಿ. ಅದರ ಕೆಳಗೆ ಬೇರೆ ಅಕ್ಷರದಲ್ಲಿ, ಲಾಗ್‌ಬುಕ್ ಪ್ರಕಾರ ಅಂದು ಅವರ ಹಾರಾಟವಿಲ್ಲ, ಅಲ್ಲಿಗೆ ಅವರ ಮೊದಲ ಇಳಿತ ಇಂಥ ದಿನ ದಾಖಲಾಗಿದೆ ಎಂದು ನೇರವಾಗಿ ಬರೆ. ‘ಬಹುಶಃ ವಯಸ್ಸಿನ ಕಾರಣ’ ಎಂಬ ಕರುಣೆಯ ಸಾಲು ಸೇರಿಸಬೇಡ. ಅಚ್ಚಿಗೆ ಮೊದಲು ಅವರ ಹತ್ತಿರ ಹೋಗು. ‘ನೀವು ಹೇಳಿದ್ದು ತಪ್ಪು’ ಎನ್ನಬೇಡ. ಆ ತಿಂಗಳ ಪುಟ ತೆರೆದು, ‘ಇದನ್ನು ನನಗೆ ಓದಿ ಹೇಳಿ’ ಎಂದು ಕೇಳು. ಕ್ಯಾಪ್ಟನ್ ಹೆಸರು, ವಿಮಾನದ ನಂಬರು ಬಾಯಿಗೆ ಬಂದಂತೆ ನಿನ್ನ ಪ್ರಶ್ನೆಗೆ ಸಿಗದಿದ್ದುದು ತಾನಾಗಿ ಹೊರಬೀಳುತ್ತದೆ.

ಇನ್ನೊಂದು ಕಡೆ ನೀನು ದುಡುಕಿದ್ದೀಯ. ಸಾಗಣೆ ವಿಮಾನದವರು ಡಕೋಟಾ, ಪ್ಯಾಕೆಟ್, ಎಎನ್-12 ಎಂದು ಹಲವು ವಿಮಾನಗಳಲ್ಲಿ ದುಡಿದವರು, ಅವು ನೆನಪಿನಲ್ಲಿ ಒಂದರೊಳಗೊಂದು ಬೆರೆಯುತ್ತವೆ. ಬಿಡಿಸಲು ದಾರಿ ಇದೆ. ಡಕೋಟಾ ಬಾಲದ ಚಕ್ರದ ಮೇಲೆ ಕೂರುವುದರಿಂದ ಅದರ ನೆಲ ಮೂತಿಯ ಕಡೆಗೆ ಏರು, ಸಾಮಾನು ಪಕ್ಕದ ಬಾಗಿಲಿಂದ ಹತ್ತಬೇಕು. ಪ್ಯಾಕೆಟ್‌ನ ನೆಲ ಸಮತಟ್ಟು, ಲಾರಿಯ ಹಲಗೆಯ ಎತ್ತರಕ್ಕೇ ಬರುತ್ತದೆ, ಲೋಡು ಹಿಂದಿನಿಂದ ಒಳಕ್ಕೆ ಹೋಗುತ್ತದೆ. ನಿನ್ನ ನಾಲ್ಕನೇ ಅಧ್ಯಾಯದಲ್ಲಿ ‘ಮೂಟೆಗಳನ್ನು ಏರಿನಲ್ಲಿ ತಳ್ಳಿದೆವು’ ಎಂದು ಬಂದಿದೆ. ಅದು ಡಕೋಟಾದ ನೆನಪು. ಸರಕು ಉದುರಿಸುವಾಗ ಪ್ಯಾಕೆಟ್‌ನ ಹಿಂದಿನ ಎರಡೂ ಬಾಗಿಲನ್ನು ಬಿಚ್ಚಿಟ್ಟೇ ಹಾರುವುದಿತ್ತು, ಒತ್ತಡ ಕಾಯ್ದ ಕ್ಯಾಬಿನ್ ಕೂಡ ಅದಕ್ಕಿರಲಿಲ್ಲ. ಹಾಗಾಗಿ ಚಳಿಯ ಬಗ್ಗೆ, ಆಮ್ಲಜನಕದ ಬಗ್ಗೆ, ಅಂಚಿನಲ್ಲಿ ಏನು ಹಿಡಿದು ನಿಲ್ಲುತ್ತಿದ್ದರು ಎಂಬುದರ ಬಗ್ಗೆ ಕೇಳು. ಮೈಗೆ ಮೆತ್ತುತ್ತಿದ್ದ ವಾಸನೆ ಪೆಟ್ರೋಲಿನದೋ ಸೀಮೆಎಣ್ಣೆಯದೋ ಎಂದು ಕೇಳು. ಸೀಮೆಎಣ್ಣೆ ಎಂದರೆ, ಆ ಬಗೆಯ ಇಂಧನದಲ್ಲಿ ಓಡುತ್ತಿದ್ದ ಎಎನ್-12 ನೆನಪಿನೊಳಗೆ ಬಂದಿದೆ. ಪ್ಯಾಕೆಟ್‌ನ ಬೆನ್ನ ಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಕೂರಿಸಿದ ಹೆಚ್ಚುವರಿ ಆರ್ಫಿಯಸ್ ಜೆಟ್ ಎಂಜಿನ್ ಇತ್ತೇ ಎಂದು ಕೇಳು. ಇತ್ತು ಎಂದರೆ ಆ ಘಟನೆ ಯಾವ ಕಾಲಕ್ಕಿಂತ ಹಿಂದಿನದಲ್ಲ ಎಂಬುದು ಗೊತ್ತಾಗುತ್ತದೆ. ಇಷ್ಟೆಲ್ಲ ಆಗುವವರೆಗೆ ಫೋಟೋ ತೋರಿಸಬೇಡ. ಮೊದಲು ಕಾಗದ ಪೆನ್ಸಿಲ್ ಕೊಟ್ಟು ತಾವು ಕೂರುತ್ತಿದ್ದ ಜಾಗ ಬರೆಸು. ಒಮ್ಮೆ ಫೋಟೋ ಕಂಡರೆ ಆಮೇಲೆ ಅವರು ವರ್ಣಿಸುವುದು ಫೋಟೋವನ್ನೇ.

‘ಆಗ ನಿಮಗೆ ಹೇಗನ್ನಿಸಿತು?’ ಎಂಬ ಪ್ರಶ್ನೆ ನಿನ್ನ ಪ್ರತಿಯಲ್ಲಿ ಎಷ್ಟು ಸಲ ಬಂದಿದೆ ನೋಡು! ಅದಕ್ಕೆ ಸಿಗುವುದು ಸಮಾರಂಭದ ಭಾಷಣ. ಕೈ ಮಾಡಿದ ಕೆಲಸ ಕೇಳು. ಪ್ಯಾಕೆಟ್‌ನ ಒಂದೊಂದು ಎಂಜಿನ್ನಿಗೂ 18 ಸಿಲಿಂಡರ್, ಸಿಲಿಂಡರಿಗೆ ಎರಡರಂತೆ 36 ಪ್ಲಗ್. ಪ್ಲಗ್‌ಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೋಗಳಲ್ಲಿ ಒಂದನ್ನು ಆರಿಸಿ ನೋಡಿದಾಗ ಆರ್‌ಪಿಎಂ ಮಿತಿ ಮೀರಿ ಬಿದ್ದರೆ, ಕೆಟ್ಟ ಪ್ಲಗ್ ಯಾವುದೆಂದು ಹೇಗೆ ಹುಡುಕುತ್ತಿದ್ದಿರಿ? ಕೆಟ್ಟ ಕಡೆಯ ಮ್ಯಾಗ್ನೆಟೋ ಒಂದರಲ್ಲೇ ಎಂಜಿನ್ ಓಡಿಸಿ, ನಿಲ್ಲಿಸಿದ ಕೂಡಲೇ ಸಿಲಿಂಡರ್‌ಗಳನ್ನು ಮುಟ್ಟಿ ತಣ್ಣಗಿರುವುದನ್ನು ಗುರುತಿಸುವ ಕ್ರಮವಿತ್ತು. ಅದನ್ನು ಹೇಳುವಾಗ ಅವರ ಬೆರಳು ಗಾಳಿಯಲ್ಲಿ ಓಡಾಡುತ್ತದೆ, ಅದಕ್ಕೇ ಕೈಗಳನ್ನೂ ವಿಡಿಯೋದಲ್ಲಿ ಹಿಡಿ. ಸ್ಟಾರ್ಟ್ ಮಾಡುವ ಮುನ್ನ ಪ್ರೊಪೆಲ್ಲರ್ ಎಷ್ಟು ರೆಕ್ಕೆ ತಿರುಗಿಸುತ್ತಿದ್ದಿರಿ, ಏಕೆ? ಕೆಳಗಿನ ಸಿಲಿಂಡರಿಗೆ ಎಣ್ಣೆ ಇಳಿದು ನಿಂತಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹಾಗೆ ಬಾಗಿದ ದಿನ ಯಾರು ಏನಂದರು? ಭಯವಾಗಲಿ ಸಿಟ್ಟಾಗಲಿ ಈ ಉತ್ತರದಲ್ಲೇ ಬರುತ್ತದೆ, ನೀನು ಕೇಳಬೇಕಾಗಿಲ್ಲ.

ನನಗೆ ಬಹುಕಾಲದ ಸಂಕಟವೊಂದಿದೆ, ಹೇಳಿಬಿಡುತ್ತೇನೆ. ಕಾನ್ಪುರದಲ್ಲಿ ಎರಡನೇ ಮಹಾಯುದ್ಧದ ನಂತರ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ಬಾಂಬರ್ ವಿಮಾನಗಳನ್ನು ಎಚ್‌ಎಎಲ್ ಮಂದಿ ಹಾರುವ ಮಟ್ಟಿಗೆ ದುರಸ್ತಿ ಮಾಡಿ ಬೆಂಗಳೂರಿಗೆ ತಂದು ಪೂರ್ತಿ ಸಜ್ಜುಗೊಳಿಸಿದರು. 1948ರಲ್ಲಿ 5ನೇ ಸ್ಕ್ವಾಡ್ರನ್ ಅವನ್ನು ಹಾರಿಸತೊಡಗಿತು, 1968ರವರೆಗೂ ಅವು ವಾಯುಪಡೆಯಲ್ಲಿದ್ದವು. ಅವನ್ನು ಹಾರಿಸಿ ತಂದ ಟೆಸ್ಟ್ ಪೈಲಟ್ ಜಿಮ್ಮಿ ಮುನ್ಷಿಯವರ ಹೆಸರು ಉಳಿದಿದೆ, ಉಳಿಯಲೇಬೇಕು. ಆದರೆ ಯಾವ ವಿಮಾನದ ಭಾಗ ಯಾವುದಕ್ಕೆ ಹೋಯಿತು, ಸರಿಯಿದೆ ಎಂದು ಯಾವ ಧೈರ್ಯದ ಮೇಲೆ ಹೇಳಿದರು ಎಂದು ಆ ಫಿಟ್ಟರ್‌ಗಳನ್ನು ಅವರಿರುವಾಗಲೇ ಕೂತು ಕೇಳಿದವರು ತೀರ ಕಡಿಮೆ. ಕೇಳೋಣವೆಂದರೆ ಈಗ ಅವರಿಲ್ಲ. ಪೈಲಟ್‌ಗೆ ಲಾಗ್‌ಬುಕ್ ಇದೆ. ಫಿಟ್ಟರ್‌ಗೆ ಇರುವುದು ವಿಮಾನದ ದುರಸ್ತಿ ದಾಖಲೆಯಾದ ಫಾರ್ಮ್ 700ರಲ್ಲಿ ಹಾಕಿದ ಸಹಿ, ಅದೂ ವಿಮಾನದ ಜೊತೆಗೆ ಹೋದ ಕಾಗದ. ನಿನ್ನ ಪುಸ್ತಕದಲ್ಲಿ ನೆಲದ ಮೇಲೆ ದುಡಿದ ಒಬ್ಬರೂ ಇಲ್ಲ. ಇದನ್ನು ಓದಿ ನಿನ್ನ ಮೇಲೆ ಸಿಟ್ಟೇ ಬಂತು.

ಪ್ರತಿಯಲ್ಲಿ ಮಾತಾಡುವ ನಾಲ್ವರದೂ ಒಂದೇ ದನಿ, ಅದು ನಿನ್ನ ದನಿ. ತಡವರಿಕೆ, ಒಂದೇ ಮಾತನ್ನು ಮತ್ತೆ ಹೇಳಿದ್ದು, ವಾಕ್ಯ ಅರ್ಧಕ್ಕೆ ಬಿಟ್ಟದ್ದು ಎಲ್ಲವನ್ನೂ ತೊಳೆದುಹಾಕಿದ್ದೀಯ. ಮೂಲ ಧ್ವನಿಯನ್ನು ಮತ್ತೆ ಕೇಳುತ್ತ ಅವನ್ನೆಲ್ಲ ವಾಪಸ್ ತಾ. ಅಪಘಾತದಲ್ಲಿ ತೀರಿಕೊಂಡವರ ಹೆಸರು ಬಂದ ಕಡೆ, ಮನೆಯವರಿಗೆ ಗೊತ್ತಿಲ್ಲದ ವಿವರವಿದ್ದರೆ, ಆ ಭಾಗ ಮಾತ್ರ ತಡೆಹಿಡಿ. ಎಷ್ಟು ವರ್ಷ ತಡೆಹಿಡಿಯಬೇಕೆಂದು, ಆ ವಿವರ ಹೇಳಿದವರಿಂದಲೇ ಬರೆಸಿ ಸಹಿ ಪಡೆ.

ನಿಮ್ಮ ಹಿರಿಯರು 38ನೇ ಪುಟದಲ್ಲಿ ಒಬ್ಬ ಕಾರ್ಪೊರಲ್ ಹೆಸರು ಹೇಳಿ ಮುಂದೆ ಹೋಗಿದ್ದಾರೆ, ನೀನು ತಡೆದು ಕೇಳಿಲ್ಲ. ಮೊದಲು ಆ ಕಾರ್ಪೊರಲ್ ಅವರನ್ನು ಹುಡುಕು. ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳು, ಮಾಜಿ ಸೈನಿಕರು ಔಷಧಿಗೆ ಬರುವ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನ ಬೆಂಚಿನಲ್ಲಿ ಕೂತು ಕೇಳು. 1962ರಲ್ಲಿ ಇಪ್ಪತ್ತರ ಹುಡುಗನಾಗಿದ್ದರೂ ಈಗ ಎಂಬತ್ತು ದಾಟಿರುತ್ತಾರೆ. ಪುಸ್ತಕ ಆರು ತಿಂಗಳು ತಡವಾದರೆ ಆಗಲಿ, ಪ್ರಕಾಶಕರಿಗೆ ನಾನೇ ಬರೆಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ