ತಪಸ್ಸುಕಾಲಕ್ಕೆ ಏನು ಮಾಡಲಿ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಸೇರಿತು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಹತ್ತಿರ ಬಂತು, ಈ ಸಲ ಮಾಂಸ ಬಿಟ್ಟರಷ್ಟೇ ಸಾಲದು, ಕಾಫಿ ತೋಟದ ಕೂಲಿಯವರ ಎಂಟು ಲೈನ್ ಮನೆಗಳಿಗೂ ಏನಾದರೂ ಮಾಡಬೇಕು, ಅಕ್ಕಿ ಹಂಚಲೋ ಕಂಬಳಿ ಹಂಚಲೋ ಎಂದು ಕೇಳಿದ್ದೀಯ. ಹಂಚುವ ಮಾತು ಆಮೇಲಿರಲಿ. ಮೊದಲು ಕೊಡಬೇಕಾದ್ದನ್ನು ಕೊಟ್ಟು ಮುಗಿಸಿದ್ದೀಯಾ ನೋಡಿಕೋ. ಬಾಕಿ ಉಳಿಸಿಕೊಂಡು ದಾನ ಮಾಡಿದರೆ ಅವರ ದುಡ್ಡಲ್ಲೇ ಅವರಿಗೆ ಉಪಕಾರ ಮಾಡಿದ ಹಾಗಾಗುತ್ತದೆ.

ನಮ್ಮ ಕೊಡಗಿನಲ್ಲಿ ತಪಸ್ಸುಕಾಲ ಬರುವುದೇ ರೋಬಸ್ಟಾ ಕಾಫಿ ಕೊಯ್ಲಿನ ಕೊನೆ ಭಾಗಕ್ಕೆ, ಕಾಫಿ ಹೂ ಅರಳಿಸುವ ಹೂಮಳೆ ಇವತ್ತೋ ನಾಳೆಯೋ ಎಂದು ಆಕಾಶ ನೋಡುವ ಹೊತ್ತಿಗೆ. ಆದ್ದರಿಂದ ನಿನ್ನ ನಲವತ್ತು ದಿನದ ವ್ರತ ತಕ್ಕಡಿಯಿಂದಲೇ ಶುರುವಾಗಲಿ. ಸಂಜೆ ತೂಕಕ್ಕೆ ಮೊದಲು ಮುಳ್ಳು ಸೊನ್ನೆಗೆ ನಿಂತಿದೆಯೇ ಎಂದು ಕೊಯ್ದವರಿಗೇ ತೋರಿಸು. ಚೀಲದ ತೂಕವೆಂದು ಕಳೆಯುತ್ತೀರಲ್ಲ, ಒಂದು ಖಾಲಿ ಚೀಲವನ್ನು ಅವರೆದುರೇ ತೂಗಿ ಅಷ್ಟನ್ನೇ ಕಳೆಯಿರಿ. ಪ್ಲಾಸ್ಟಿಕ್ ಚೀಲ ಕಾಲು ಕೇಜಿಯೂ ಬರುವುದಿಲ್ಲ. ಆದರೂ ಲೆಕ್ಕಕ್ಕೆ ಸುಲಭವೆಂದು ಒಂದು ಕೇಜಿ ಕಳೆಯುವ ರೈಟರುಗಳು, ಅಂದರೆ ತೋಟದ ಗುಮಾಸ್ತರು, ಇದ್ದಾರೆ. ದಿನಕ್ಕೆ ಮೂರು ಚೀಲದಂತೆ ತಿಂಗಳಲ್ಲಿ ಇಪ್ಪತ್ತೈದು ದಿನ ಕೊಯ್ದ ಹೆಂಗಸಿಗೆ ಇದರಿಂದ ಐವತ್ತು ಕೇಜಿಗೂ ಮೇಲೆ ಹಣ್ಣಿನ ಕೂಲಿ ಹೋಗುತ್ತದೆ. ಕದಿಯಬೇಕೆಂದು ಯಾರೂ ಮಾಡಿದ್ದಲ್ಲ, ಬರೀ ಸೋಮಾರಿತನ. ಆದರೆ ಹೋದದ್ದು ಹೋಯಿತಲ್ಲ. ಮಳೆ ಬಿದ್ದ ದಿನ ಹಣ್ಣು ಒದ್ದೆಯೆಂದು ತೂಕ ಕಡಿಮೆ ಹಿಡಿಯುವುದಾದರೆ ಬೆಳಿಗ್ಗೆ ಕೊಯ್ಲಿಗೆ ಇಳಿಯುವ ಮೊದಲೇ ಹೇಳು. ಸಂಜೆ ಹೇಳಿದರೆ ಅದು ಜಗಳ.

ಕೂಲಿಯ ಬಟವಾಡೆ ಸಂತೆಯ ಹಿಂದಿನ ಸಂಜೆಯೇ ಆಗಲಿ, ಕತ್ತಲಾಗುವ ಮೊದಲು, ಚಿಲ್ಲರೆ ಸಮೇತ. ಐನೂರರ ಒಂದೇ ನೋಟು ಕೊಟ್ಟು ‘ನೀವಿಬ್ಬರೂ ಹಂಚಿಕೊಳ್ಳಿ’ ಎಂದರೆ ಅವರಿಬ್ಬರೂ ಅಂಗಡಿಗೇ ಹೋಗಿ ಮುರಿಸಬೇಕು. ಅದು ಯಾವ ಅಂಗಡಿ ಎಂದು ನಿನಗೂ ಗೊತ್ತು. ಬೈಬಲಿನ ಧರ್ಮೋಪದೇಶಕಾಂಡ 24ರ 14, 15ನೇ ವಚನ ತೆಗೆದು ನೋಡು. ಬಡ ಕೂಲಿಯವನು ನಿನ್ನವನೇ ಆಗಿರಲಿ, ನಿನ್ನ ನಾಡಿಗೆ ಬಂದ ಪರದೇಶಿಯೇ ಆಗಿರಲಿ, ಸೂರ್ಯ ಮುಳುಗುವ ಮೊದಲು ಅವನ ಕೂಲಿ ಅವನ ಕೈಯಲ್ಲಿರಬೇಕು ಎಂಬ ಕಟ್ಟಳೆ ಅಲ್ಲಿದೆ. ಆ ಪರದೇಶಿ ಈಗ ಅಸ್ಸಾಮಿನಿಂದ ಬಂದು ನಿನ್ನ ಲೈನಿನ ಕೊನೆಯ ಎರಡು ಮನೆಯಲ್ಲಿದ್ದಾನೆ. ಮುಂಗಡದ ಲೆಕ್ಕಕ್ಕೆ ಎರಡು ಪುಸ್ತಕ ಇಡು, ಒಂದು ನಿನ್ನಲ್ಲಿ, ಒಂದು ಅವರಲ್ಲಿ. ಓದು ಬಾರದವರ ಪುಸ್ತಕವನ್ನು ಅವರ ಮಕ್ಕಳಿಂದ ಓದಿಸು, ರೈಟರಿಂದಲ್ಲ.

ಇದಾದ ಮೇಲೆ ಮಾತಿನ ವಿಷಯ. ವಿನಯ ಅಂದಕೂಡಲೇ ನಮಗೆ ತಲೆ ತಗ್ಗಿಸಿ ಮೆಲ್ಲಗೆ ಮಾತಾಡುವುದು ನೆನಪಾಗುತ್ತದೆ. ಕನ್ನಡದಲ್ಲಿ ಅದನ್ನು ಅಳೆಯಲು ಇನ್ನೂ ನೇರವಾದ ಅಳತೆಗೋಲಿದೆ: ನೀನು, ನೀವು. ತೋಟದ ಮಾಲೀಕರ ಮಕ್ಕಳು ಅರುವತ್ತು ವರ್ಷದ ಯರವ ಬುಡಕಟ್ಟಿನ ಅಜ್ಜನಿಗೆ ‘ಏಯ್, ಬಾ ಇಲ್ಲಿ’ ಅನ್ನುವುದನ್ನು ಕೇಳಿದ್ದೀಯಲ್ಲ. ಅವರು ಕಲಿತದ್ದು ನಮ್ಮಿಂದ. ತಪಸ್ಸುಕಾಲಕ್ಕೆ ಇದೊಂದೇ ವ್ರತ ಹಿಡಿದರೂ ಸಾಕು ಅನ್ನುವವನು ನಾನು. ನಿನಗಿಂತ ಹಿರಿಯರಿಗೆ ‘ಬನ್ನಿ’, ‘ಕೂತುಕೊಳ್ಳಿ’ ಅನ್ನು, ಹೆಸರು ಹಿಡಿದು ಮಾತಾಡಿಸು. ‘ಅಸ್ಸಾಮಿಯವನು’ ಎಂಬುದು ಹೆಸರಲ್ಲ. ಮೊದಲ ವಾರ ಅವರಿಗೇ ಮುಜುಗರವಾಗುತ್ತದೆ, ಗೇಲಿ ಮಾಡುತ್ತಿದ್ದಾನೋ ಎಂದು ಅನುಮಾನಪಡುತ್ತಾರೆ. ಮೇಸ್ತ್ರಿ ಬಾಯಿ ಮುಚ್ಚಿ ನಗುತ್ತಾನೆ. ಎರಡು ವಾರಕ್ಕೆ ಬಿಟ್ಟುಬಿಟ್ಟರೆ ಅವರ ಅನುಮಾನವೇ ನಿಜವಾಗುತ್ತದೆ. ಅಷ್ಟು ಹಿಡಿಯಲಾಗದಿದ್ದರೆ ಶುರು ಮಾಡಬೇಡ.

ಮನೆಗೆ ಹೋಗಿ ನೋಡಿಬರುವ ವಿಚಾರ ಬರೆದಿದ್ದೀಯ. ಒಬ್ಬನೇ ಹೋಗಬೇಡ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಜಾನಮ್ ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯವರು ಇವತ್ತಿಗೂ ಬಡವರ ಮನೆಗೆ ಇಬ್ಬಿಬ್ಬರಾಗಿಯೇ ಹೋಗುತ್ತಾರೆ. ಒಬ್ಬ ಮಾತಾಡುವಾಗ ಇನ್ನೊಬ್ಬನಿಗೆ ಕೇಳಿಸಿಕೊಳ್ಳಲು ಬಿಡುವಿರುತ್ತದೆ. ಒಬ್ಬನೇ ಹೋದರೆ ಬರುವ ಊರಿನ ಮಾತೂ ಬರುವುದಿಲ್ಲ. ನಿನ್ನ ಜತೆ ಹೆಂಗಸೊಬ್ಬರಿದ್ದರೆ ಇನ್ನೂ ಒಳ್ಳೆಯದು. ಹೊತ್ತು ನೋಡಿ ಹೋಗು. ಕೆಲಸ ಬಿಟ್ಟು ಬಂದ ಕೂಡಲೇ ಅವರಿಗೆ ನೀರು ಕಾಯಿಸಬೇಕು, ಸ್ನಾನ ಆಗಬೇಕು, ಒಲೆ ಹಚ್ಚಬೇಕು. ಕತ್ತಲಾದ ಮೇಲೆ ಸಿದ್ದಾಪುರ, ಅಮ್ಮತ್ತಿ ಕಡೆ ಆನೆ ಯಾವ ದಾರಿಯಲ್ಲಿ ನಿಂತಿರುತ್ತದೋ ಹೇಳಲಾಗದು. ನಿನ್ನನ್ನು ವಾಪಸು ಬಿಡಲು ಅವರು ಟಾರ್ಚು ಹಿಡಿದು ಹೊರಡುವಂತಾಗಬಾರದು. ಭಾನುವಾರ ಪೂಜೆ ಮುಗಿಸಿ ಹತ್ತು, ಹನ್ನೊಂದರ ಹೊತ್ತಿಗೆ ಹೋಗಿ ಅರ್ಧ ಗಂಟೆ ಇದ್ದು ಎದ್ದು ಬಾ.

ಬಾಗಿಲಲ್ಲಿ ನಿಂತು ಕರೆ. ಅವರು ಒಳಗೆ ಕರೆಯುವ ಮೊದಲು ಹೆಜ್ಜೆಯಿಡಬೇಡ, ಮನೆ ನಿನ್ನ ಹೆಸರಲ್ಲಿದ್ದರೂ ಸರಿಯೇ. ಹಾಗೆ ನೋಡಿದರೆ ನಿನ್ನ ಹೆಸರಲ್ಲಿದೆ ಎಂಬುದಕ್ಕೇ ನಿಲ್ಲಬೇಕು. ಅದೇ 24ನೇ ಅಧ್ಯಾಯದ 10, 11ನೇ ವಚನದಲ್ಲಿ ಒಂದು ಸೂಕ್ಷ್ಮವಿದೆ: ಸಾಲ ಕೊಟ್ಟವನು ಒತ್ತೆಗೆಂದು ಬಡವನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು, ಸಾಲಗಾರನೇ ಅದನ್ನು ಹೊರಗೆ ತಂದುಕೊಡಬೇಕು. ಎರಡೂವರೆ ಸಾವಿರ ವರ್ಷಕ್ಕೂ ಹಿಂದಿನ ಕಾನೂನಿಗೂ ಹೊಸ್ತಿಲಿನ ಮರ್ಯಾದೆ ಗೊತ್ತಿತ್ತು.

ಕರಿಕಾಫಿ ಕೊಟ್ಟರೆ ಕುಡಿ. ಶುಗರ್ ಇದೆ, ಈಗಷ್ಟೇ ಕುಡಿದೆ ಎಂದೆಲ್ಲ ತಪ್ಪಿಸಿಕೊಳ್ಳಬೇಡ. ಅರ್ಧ ಲೋಟ ಸಾಕು ಅಂದರೆ ತಪ್ಪಿಲ್ಲ. ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಪ್ರತಿ ವರ್ಷ ನೋಡುತ್ತೇವೆ. ಗುರುಗಳು ಬಗ್ಗಿ ತೊಳೆಯುವುದರ ಮೇಲೆಯೇ ನಮ್ಮ ಕಣ್ಣು. ಆದರೆ ಯೊವಾನ್ನನ ಶುಭಸಂದೇಶದ 13ನೇ ಅಧ್ಯಾಯದಲ್ಲಿ, ಯೇಸುಸ್ವಾಮಿ ಶಿಷ್ಯರ ಪಾದ ತೊಳೆಯುವಾಗ, ರಾದ್ಧಾಂತ ಮಾಡುವುದು ಪೇತ್ರ, ತೊಳೆಸಿಕೊಳ್ಳಲಾರೆ ಎಂದು. ನಮ್ಮಂಥವರಿಗೆ ಕೊಡುವುದಕ್ಕಿಂತ ತೆಗೆದುಕೊಳ್ಳುವುದೇ ಕಷ್ಟ. ಅವರ ಲೋಟದಲ್ಲಿ ಕುಡಿದು ಎದ್ದರೆ ಆ ಅರ್ಧ ಗಂಟೆಯಲ್ಲಿ ಅವರೂ ಏನೋ ಕೊಟ್ಟಂತಾಯಿತು. (ಹಾಗೆಯೇ, ನಿಮ್ಮ ಊರಿನ ದೇವಾಲಯದಲ್ಲಿ ಆ ಹನ್ನೆರಡು ಕುರ್ಚಿಗೆ ಈಗಲೂ ಗಂಡಸರನ್ನೇ ಕೂರಿಸುತ್ತಾರಾದರೆ ಗುರುಗಳಿಗೆ ನೆನಪಿಸು: 2016ರಿಂದ ಹೆಂಗಸರನ್ನೂ ಕೂರಿಸಬಹುದು ಎಂದು ಪೋಪ್ ಫ್ರಾನ್ಸಿಸ್ ಕಾಲದಲ್ಲೇ ನಿಯಮ ಬದಲಾಗಿದೆ. ಕಣದಲ್ಲಿ ಕಾಫಿ ಹರಡುವ ಹೆಂಗಸರ ಪಾದ ನೋಡಿದ್ದೀಯಲ್ಲ.)

ಫೋಟೋ ತೆಗೆಯಬೇಡ. ಎಷ್ಟು ಕುಡಿಯುತ್ತೀರಿ ಎಂದು ಕೇಳಬೇಡ. ಕೊಟ್ಟ ಅಕ್ಕಿಯ ಬೆನ್ನಿಗೇ ‘ಭಾನುವಾರ ಚರ್ಚಿಗೆ ಬನ್ನಿ’ ಅನ್ನಬೇಡ. ಹಾಗಂದರೆ ಅಕ್ಕಿಗೆ ಬೆಲೆ ಕಟ್ಟಿದಂತೆ.

ಈಗ ಅಕ್ಕಿಗೆ ಬರುತ್ತೇನೆ. ಕಾರ್ಡ್ ಇದ್ದವರಿಗೆ ರೇಷನ್ ಅಕ್ಕಿ ಬರುತ್ತದೆ. ಅವರಿಗೆ ಕೊರತೆ ಬೇಳೆ, ಎಣ್ಣೆ, ಸೋಪು, ಸೌದೆಯದು. ಇಲ್ಲಿ ಕಾರ್ಡ್ ನಡೆಯದ ಕುಟುಂಬ ಯಾವುದೆಂದು ಕೇಳಿ ತಿಳಿದುಕೊಂಡು ಅವರಿಗಷ್ಟೇ ಅಕ್ಕಿ ಸೇರಿಸು. ಕಷ್ಟ ಬರುವುದೂ ಈಗಲ್ಲ. ಕೊಯ್ಲಿನ ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸಿರುತ್ತದೆ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ, ವಾರಗಟ್ಟಲೆ ಮಳೆ ಹೊಡೆದು ಕೆಲಸ ನಿಂತಾಗ ಒಲೆ ಹೊತ್ತುವುದಿಲ್ಲ. ತಪಸ್ಸುಕಾಲದಲ್ಲಿ ಮಾಂಸ ಬಿಟ್ಟು ಉಳಿಸಿದ ದುಡ್ಡನ್ನು ಡಬ್ಬಿಗೆ ಹಾಕಿಟ್ಟು ಜುಲೈಗೆ ತೆಗೆ. ಇಬ್ಬರು ದುಡಿಯುವವರು, ಇಬ್ಬರು ಮಕ್ಕಳ ಮನೆಗೆ ದಿನಕ್ಕೆ ಒಂದೂಕಾಲು ಕೇಜಿ ಅಕ್ಕಿ ಬೇಕು, ವಾರಕ್ಕೆ ಒಂಬತ್ತು ಹಿಡಿ. ಜತೆಗೆ ಒಂದು ಕೇಜಿ ತೊಗರಿಬೇಳೆ, ಮುಕ್ಕಾಲು ಲೀಟರ್ ಎಣ್ಣೆ, ಉಪ್ಪು, ಬೆಲ್ಲ, ಕಾಲು ಕೇಜಿ ಖಾರದಪುಡಿ, ಕಾಫಿಪುಡಿ, ಬಟ್ಟೆ ಸೋಪು, ಬೆಂಕಿಪೊಟ್ಟಣ. ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತು, ಇಲ್ಲದಿದ್ದರೆ ಆ ಥಂಡಿಗೆ ಕಡ್ಡಿ ಗೀರಿದರೆ ಮದ್ದೇ ಉದುರುತ್ತದೆ. ಕುಸುಬಲಕ್ಕಿಯೋ ಬೆಳ್ತಿಗೆ ಅಕ್ಕಿಯೋ ಕೇಳು. ಉಣ್ಣದ ಅಕ್ಕಿ ಕೋಳಿಗೆ ಹೋಗುತ್ತದೆ. ಎಂಟು ಮನೆಯವರನ್ನೂ ಸಾಲಾಗಿ ನಿಲ್ಲಿಸಿ ಕೊಡುವುದಂತೂ ಬೇಡವೇ ಬೇಡ. ಮೇಸ್ತ್ರಿಯ ಕೈಲೂ ಕೊಡಿಸಬೇಡ, ಅದು ಅವನ ದೊಡ್ಡಸ್ತಿಕೆಯಾಗುತ್ತದೆ. ಜೀಪಿನಲ್ಲಿ ಹಾಕಿಕೊಂಡು ಒಂದೊಂದು ಮನೆಯ ಜಗಲಿಯಲ್ಲಿ ಇಳಿಸಿ ಬಾ.

ಕಂಬಳಿ ಬೇಡ ಅನ್ನಲಾರೆ, ಆದರೆ ಒಮ್ಮೆ ನೆನೆದ ದಪ್ಪ ಉಣ್ಣೆ ಕಂಬಳಿ ಮಳೆಗಾಲ ಕಳೆಯುವವರೆಗೆ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಅದರ ಅರ್ಧ ದುಡ್ಡಿಗೆ ಮಾಡಿನ ಮೇಲೆ ಹೊದಿಸುವ ಟಾರ್ಪಾಲು ಬರುತ್ತದೆ. ಹಳೆ ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹೊಲಿದು, ನೀನು ನಿನ್ನ ತಮ್ಮನಿಗೆ ಕೊಡುವಂಥದ್ದನ್ನು ಮಾತ್ರ ಕೊಡು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆ ಕಳಕೊಂಡವರು ಉಟ್ಟ ಬಟ್ಟೆಯಲ್ಲಿ ಶಿಬಿರಕ್ಕೆ ಬಂದಿದ್ದರು. ಅಂಥವರಿಗೆ ಮೊದಲು ಬೇಕಾಗುವುದು ಹೊಸ ಒಳಉಡುಪು, ಹೆಂಗಸರಿಗೆ ಪ್ಯಾಡು. ನಮ್ಮ ಬೀರುವಿನ ಹಳೇ ಸೀರೆಯಲ್ಲ.

ಯಾಜಕಕಾಂಡ 19ರಲ್ಲಿ ಹೊಲದ ಅಂಚಿನ ತೆನೆ ಕೊಯ್ಯಬೇಡ, ಬಿದ್ದದ್ದನ್ನು ಹೆಕ್ಕಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು ಎಂದಿದೆ. ಕಾಫಿಯಲ್ಲಿ ಇದು ಹಾಗೇ ನಡೆಯುವುದಿಲ್ಲ. ಉದುರಿದ ಹಣ್ಣು ನೆಲದಲ್ಲೇ ಉಳಿದರೆ ಕಾಯಿಕೊರಕ ಅದರೊಳಗೆ ಬೆಳೆದು ಮುಂದಿನ ಫಸಲಿಗೆ ಹತ್ತುತ್ತದೆ. ನೆಲ ಹೆಕ್ಕಿಸಲೇಬೇಕು. ಹಾಗಾದರೆ ನಿನ್ನ ಹೊಲದ ಅಂಚು ಯಾವುದು? ನನ್ನ ಕೇಳಿದರೆ ಮರ ಕಪಾತಿನ ಸೌದೆ. ನೆರಳಿನ ಮರದ ಕೊಂಬೆ ಕಡಿಸಿದ ಮೇಲೆ ದಪ್ಪದ್ದೆಲ್ಲ ನೀನು ಇಟ್ಟುಕೊಂಡು ಕಡ್ಡಿ ಪುರಳೆ ಲೈನಿಗೆ ಬಿಡುವುದು ರೂಢಿ. ಕೈ ಗಾತ್ರದ್ದನ್ನೂ ಬಿಡು. ಮೊದಲ ಮಳೆಗೆ ಮುಂಚೆಯೇ ಸಾಗಿಸಿ ಜಗಲಿಯ ಕೆಳಗೆ ಪೇರಿಸಲು ಅರ್ಧ ದಿನ ಸಂಬಳ ಸಮೇತ ರಜೆ ಕೊಡು. ಜೂನಿನಲ್ಲಿ ಹಸಿ ಸೌದೆ ಕೊಟ್ಟರೆ ಹೊಗೆ ಕೊಟ್ಟಂತೆ. ಹಲಸಿನ ಮರ ಒಂದೆರಡು ಅವರ ಹೆಸರಿಗೇ ಇರಲಿ.

ಕಾಯಿಲೆ ಬಿದ್ದಾಗ ದುಡ್ಡಿಗಿಂತ ನಿನ್ನ ಒಂದು ದಿನ ದೊಡ್ಡದು. ಮಡಿಕೇರಿಯ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆಧಾರ್, ರೇಷನ್ ಕಾರ್ಡ್ ಎರಡರ ಅಸಲು ಪ್ರತಿ, ಹಳೆಯ ಚೀಟಿಗಳು, ಒಂದು ತಟ್ಟೆ ಲೋಟ, ಹೊದಿಕೆ ಇರಲಿ. ದೊಡ್ಡ ಚಿಕಿತ್ಸೆಗೆ ಮೈಸೂರಿಗೆ ಹೋಗಬೇಕಾದರೆ ಇಲ್ಲಿಂದಲೇ ರೆಫರಲ್ ಪತ್ರ ಬರೆಸಿಕೊಂಡು ಹೊರಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರಕಾರಿ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಆದರೆ ತುರ್ತು ಇಲ್ಲದಾಗ ಆ ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಗೆ ಹೋದವರು ಕೈಯಿಂದ ಕಟ್ಟಿ ಸಾಲಗಾರರಾಗುತ್ತಾರೆ. ಡಾಕ್ಟರ ಮುಂದೆ ಅವರ ಪರವಾಗಿ ನೀನೇ ಮಾತಾಡಬೇಡ. ಪಕ್ಕದಲ್ಲಿ ನಿಂತಿರು, ಔಷಧಿಯ ಹೊತ್ತು ಬರೆದುಕೋ, ಅಷ್ಟೇ.

ಈಸ್ಟರ್ ಊಟಕ್ಕೆ ಅವರನ್ನು ಕರೆಯಬೇಕೆಂಬ ನಿನ್ನ ಯೋಚನೆ, ಔತಣಕ್ಕೆ ನೆಂಟರನ್ನಲ್ಲ, ಬಡವರನ್ನು ಕರೆ ಎನ್ನುವ ಲೂಕನ ಶುಭಸಂದೇಶ 14ರಿಂದ ಬಂದದ್ದೆಂದು ಗೊತ್ತಾಯಿತು. ಮೂವತ್ತು ಜನಕ್ಕೆ ಆರು ಕೇಜಿ ಅಕ್ಕಿ, ಒಂಬತ್ತು ಕೇಜಿ ಕೋಳಿ ಹಿಡಿ. ದುಡಿಯುವವರ ಊಟ, ಮದುವೆ ಲೆಕ್ಕ ಹಾಕಬೇಡ. ಹಂದಿ ಮಾಂಸದ ಪಂದಿಕರಿ ಮಾಡಿದರೆ ಬೇರೆ ಪಾತ್ರೆ, ಬೇರೆ ಸೌಟು. ಲೈನಿನಲ್ಲಿ ಮುಸಲ್ಮಾನರಿದ್ದರೆ ಕೋಳಿಯನ್ನು ಹಲಾಲ್ ಅಂಗಡಿಯಿಂದಲೇ ತಂದು, ಅದನ್ನು ಅವರಿಗೆ ಮೊದಲೇ ಹೇಳು. ಎಲ್ಲ ಕೆಡುವುದು ಬಡಿಸುವಾಗ. ನೆಂಟರಿಗೆ ಒಳಗೆ ಟೇಬಲ್ಲು, ಅವರಿಗೆ ಹಿತ್ತಿಲ ಜಗಲಿ. ನೆಂಟರಿಗೆ ಪಿಂಗಾಣಿ, ಅವರಿಗೆ ಪೇಪರ್ ತಟ್ಟೆ. ಹಾಗಾಗುವುದಾದರೆ ಕರೆಯದಿರುವುದೇ ಮೇಲು. ಒಂದೇ ಪಂಕ್ತಿಯಲ್ಲಿ ಎಲ್ಲರಿಗೂ ಬಾಳೆಲೆ ಹಾಕು, ಪಂಕ್ತಿ ಭೇದದ ತಂಟೆಯೇ ಇಲ್ಲ.

ಊಟಕ್ಕೆ ಮೊದಲು ಇನ್ನೊಂದಿದೆ, ನಿನಗೆ ಹಿತವಾಗದು. ಬೇಲಿಯ ವಿಷಯದಲ್ಲಿ ಪಕ್ಕದ ತೋಟದವರ ಜತೆ ಮಾತು ಬಿಟ್ಟಿದ್ದೀಯಲ್ಲ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯ 5ರಲ್ಲಿ ಯೇಸುಸ್ವಾಮಿ ಹೇಳಿದ್ದು ‘ನಿನ್ನ ಮೇಲೆ ಅವರಿಗೆ ಏನಾದರೂ ಇದ್ದರೆ’ ಎಂದು. ಅವರ ಮೇಲೆ ನಿನಗಿರುವುದರ ಮಾತೇ ಅಲ್ಲಿಲ್ಲ. ಒಬ್ಬನೇ ಹೋಗು, ವಕೀಲರನ್ನಾಗಲಿ ಊರ ಹಿರಿಯರನ್ನಾಗಲಿ ಕರೆದುಕೊಂಡು ಹೋಗಬೇಡ. ‘ತಪ್ಪಾಗಿದ್ದರೆ ಕ್ಷಮಿಸಿ’ ಅನ್ನಬೇಡ. ಆ ‘ಇದ್ದರೆ’ಯಲ್ಲಿ ನುಸುಳಿಕೊಳ್ಳಲು ಜಾಗವಿದೆ. ‘ತಪ್ಪಾಯ್ತು’ ಕೂಡ ತಾನಾಗಿ ಆದಂತೆ ಕೇಳಿಸುತ್ತದೆ. ‘ಕಂಬವನ್ನು ಎರಡು ಅಡಿ ಆಚೆ ಹಾಕಿಸಿದವನು ನಾನು, ತಪ್ಪು ಮಾಡಿದೆ’ ಅನ್ನು, ‘ಆದರೆ’ ಸೇರಿಸಬೇಡ. ಅವರು ಬೈಯಬಹುದು. ಬೈದು ಮುಗಿಯುವವರೆಗೆ ಕೂತಿರು. ಕಂಬವನ್ನು ಮರುದಿನವೇ ಕೀಳಿಸು.

ಆ ಪಕ್ಕದವರು ನಮ್ಮ ಧರ್ಮದವರಲ್ಲ, ಹೇಗೆ ತಗ್ಗಿ ಹೋಗಲಿ ಎಂದು ನಿನಗನ್ನಿಸಿದರೆ ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯವನ್ನು ನೆನೆಸಿಕೋ. 1792ರಲ್ಲಿ ಅದು ನೆಲೆ ಕಂಡದ್ದು ಕೊಡಗನ್ನಾಳಿದ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ. ನಿರ್ಗತಿಕರಾಗಿ ಬಂದ ನಮ್ಮವರಿಗೆ ಆ ಲಿಂಗಾಯತ ಅರಸ ಜಾಗ ಕೊಟ್ಟಾಗ ನಿಮ್ಮ ದೇವರು ಯಾರು ಎಂದು ತಕರಾರು ತೆಗೆಯಲಿಲ್ಲ.

ಕಪಾತು ಯಾವಾಗ ಶುರು ಮಾಡಿಸುತ್ತೀ ಬರೆ. ಸೌದೆ ಸಾಗಿಸುವ ದಿನ ಜೀಪು ಸಾಲದಿದ್ದರೆ ನನ್ನ ಪಿಕಪ್ ಕಳಿಸುತ್ತೇನೆ.

ನಿನ್ನ ಗೆಳೆಯ