ಬೆಲ್ ಹೊಡೆದ ಮೇಲೆ ಮಕ್ಳು ಎಲ್ಲಿಗೆ ಹೋಗ್ಬೇಕು? ನಮ್ಮ ಸಂಜೆ ಶಾಲೆಗೆ ಕೈ ಜೋಡಿಸ್ರಿ

ಬಳ್ಳಾರಿ ಮಂದಿಗೆ, ಬಳ್ಳಾರಿ ಬಿಟ್ಟು ಬೆಂಗಳೂರು ಹೈದರಾಬಾದ್ ಸೇರ್ಕೊಂಡಿರೋ ನಮ್ಮೂರಿನ ಅಣ್ಣ ಅಕ್ಕಂದಿರಿಗೆ ನಮಸ್ಕಾರ ರೀ.

ಮೊದ್ಲೇ ಹೇಳಿಬಿಡ್ತೀವಿ, ಇದು ಬ್ಯಾಗು ಪುಸ್ತಕ ಕೊಡಿಸ್ರಿ ಅನ್ನೋ ಮನವಿ ಅಲ್ಲ. ಪಠ್ಯಪುಸ್ತಕ, ಯೂನಿಫಾರ್ಮು ಸರ್ಕಾರ ಕೊಡ್ತೈತೆ, ಮಧ್ಯಾಹ್ನ ಬಿಸಿಯೂಟ ಐತೆ, ಕ್ಷೀರಭಾಗ್ಯದ ಹಾಲು 2013ರಿಂದ ಬರ್ತೈತೆ, ಮೊಟ್ಟೆ ಅಂತೂ 2021ರ ಡಿಸೆಂಬರ್‌ನಾಗೆ ನಮ್ಮ ಕಡೆ ಜಿಲ್ಲೆಗಳಲ್ಲೇ ಮೊದ್ಲು ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹೋಗಿದ್ದು, ಅವಾಗ ಎಷ್ಟು ಗಲಾಟೆ ಆಗಿತ್ತು ನೆನಪೈತಲ್ಲ. ಜೂನ್ ಬಂತು ಅಂದ್ರೆ ಒಂದೊಂದು ಸಂಘದೋರೂ ಬಂದು ನೋಟ್‌ಬುಕ್ ಹಂಚ್ತಾರೆ, ಫೋಟೋ ತೆಗೆಸ್ಕೊಂತಾರೆ, ಕೆಲವು ಮಕ್ಳ ಹತ್ರ ಬ್ಯಾಗೇ ಎರಡೆರಡು ಅದಾವೆ. ಬ್ಯಾಡ ಅನ್ನಲ್ಲ. ಆದ್ರೆ ಕೊರತೆ ಇರೋದು ಆ ಕಡೆ ಅಲ್ಲ, ಸಂಜೆ ನಾಲ್ಕೂವರೆಯಿಂದ ರಾತ್ರಿ ಎಂಟರ ತನಕ, ಅಪ್ಪ ಅಮ್ಮ ಕೆಲಸದಿಂದ ಬಂದಿರಲ್ಲ, ಮನೆ ಬಾಗ್ಲು ಹಾಕಿರ್ತೈತೆ, ಆ ಹೊತ್ತು.

ನಮ್ಮ ಬಳ್ಳಾರಿ ಜೀನ್ಸ್ ಊರು ಅಂತ ಎಲ್ಲಾರಿಗೂ ಗೊತ್ತು. ಪ್ಯಾಂಟು ಹೊಲಿಯೋದು ಯುನಿಟ್‌ನಾಗೆ, ಆದ್ರೆ ಹೊಲಿದ ಮೇಲೆ ಉಳಿಯೋ ದಾರ ಕತ್ತರಿಸೋ ಕೆಲಸ ಮನೆಮನೆಗೆ ಮೂಟೆ ಕಟ್ಕೊಂಡು ಬರ್ತೈತೆ, ಪೀಸಿಗೆ ಇಷ್ಟು ಅಂತ. ತಾಯಂದಿರು ಕೂರ್ತಾರೆ, ಪಕ್ಕದಾಗೆ ಮಗಳೂ ಕೂರ್ತಾಳೆ. ಶಾಲೆ ಮುಗಿದ ಮೇಲೆ ಅಪಾಯ ಇಲ್ದಿರೋ ಮನೆಕೆಲಸಕ್ಕೆ ಮಕ್ಳು ಕೈ ಹಾಕಿದ್ರೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ತಪ್ಪು ಅನ್ನಲ್ಲ, ಆದ್ರೆ ದುಡ್ಡು ತರೋ ಇಂಥ ಕೆಲಸಕ್ಕೆ ಮಕ್ಳನ್ನ ಕೂರಿಸೋಕೆ 2017ರ ನಿಯಮ ಬಿಡಲ್ಲ. ಹಂಗಂತ ಯಾರನ್ನೂ ಬೈಯೋ ಮನಸ್ಸು ನಮಗಿಲ್ಲ, ಆ ದುಡ್ಡು ಬಂದ್ರೇನೆ ಒಲೆ ಹತ್ತೋದು. ಆದ್ರೆ ಏಳನೇ ಕ್ಲಾಸಿನ ಒಂದು ಹುಡ್ಗಿ ಗಣಿತದ ನೋಟ್‌ಬುಕ್ ತೆಗೆದು ನೋಡಿದ್ರೆ ಪುಟದ ಮೂಲ್ಯಾಗೆಲ್ಲ ನೀಲಿ ಬೆರಳಚ್ಚು, ಹೊಸ ಜೀನ್ಸ್ ಬಣ್ಣ ಬಿಡ್ತೈತಲ್ಲ ಅದು. ಭಿನ್ನರಾಶಿ ಲೆಕ್ಕ ಅರ್ಧಕ್ಕೆ ನಿಂತಿತ್ತು. ಯಾಕಮ್ಮಾ ಅಂದ್ರೆ ಮೂಟೆ ಬಂತು ಅಕ್ಕಾ ಅಂದ್ಲು ಅಷ್ಟೇ.

ನಾವು ಮಾಡ್ತಿರೋದು ದೊಡ್ಡದೇನಲ್ಲ. ಕೌಲ್ ಬಜಾರ್ ಕಡೆ ಬಾಡಿಗೆಗೆ ಹಿಡಿದ ಒಂದು ಹಾಲ್, ಐದರಿಂದ ಎಂಟು, ಸುತ್ತಮುತ್ತಲ ಸರ್ಕಾರಿ ಶಾಲೆ ಮಕ್ಳು ಅರವತ್ತು. ಬಂದ ಕೂಡ್ಲೇ ತಿನ್ನೋಕೆ ಕೊಡ್ಬೇಕು, ಖಾಲಿ ಹೊಟ್ಟ್ಯಾಗೆ ಮಗ್ಗಿ ತಲೆಗೆ ಹತ್ತಲ್ಲ, ಒಂದಿನ ಶೇಂಗಾ ಬೆಲ್ಲ, ಒಂದಿನ ಮಂಡಕ್ಕಿ ಒಗ್ಗರಣಿ, ಜೊತೆಗೆ ಮಿರ್ಚಿ ಕೇಳ್ತಾವೆ, ಕೊಡಲ್ಲ. ಆಮೇಲೆ ಮೂರು ಜನ ಅಕ್ಕಂದಿರು ಪಾಠಕ್ಕೆ ಕೂರ್ತಾರೆ. ಇಲ್ಲಿ ಮಕ್ಳು ಮನ್ಯಾಗೆ ಒಬ್ರು ತೆಲುಗು, ಒಬ್ರು ಉರ್ದು, ಒಬ್ರು ಲಂಬಾಣಿ ಮಾತಾಡ್ತಾರೆ, ಕನ್ನಡ ಪುಸ್ತಕ ಗಟ್ಟಿಯಾಗಿ ಓದ್ತಾರೆ ಆದ್ರೆ ಓದಿದ್ದೇನು ಅಂತ ಕೇಳಿದ್ರೆ ಗಪ್‌ಚುಪ್. ಅದಕ್ಕೆ ನಾವು ಕ್ಲಾಸು ನೋಡಿ ಗುಂಪು ಮಾಡಲ್ಲ, ಓದು ಎಲ್ಲಿಗೆ ನಿಂತೈತೋ ಅಲ್ಲಿಂದ ಹಿಡೀತೀವಿ. ಆರನೇ ಕ್ಲಾಸಿನೋನು ಮೂರನೇ ಕ್ಲಾಸಿನ ಗುಂಪಿನಾಗೆ ಕೂತ್ರೆ ಮೊದ್ಲು ಒಂದೆರಡು ವಾರ ನಾಚಿಕೆ ಪಡ್ತಾನೆ, ಆಮೇಲೆ ಸಣ್ಣೋರಿಗೆ ಅವನೇ ಮೇಷ್ಟ್ರು.

ವಾರಕ್ಕೆ ಎರಡು ದಿನ ಒಬ್ರು ಆಪ್ತ ಸಮಾಲೋಚಕಿ ಬರ್ತಾರೆ. ಇದಕ್ಕೆ ದುಡ್ಡು ಕೇಳಿದ್ರೆ ಮಾತ್ರ ದಾನಿಗಳು ಮುಖ ನೋಡ್ತಾರೆ, ಮಕ್ಳಿಗೇನು ಟೆನ್ಷನ್ ರೀ ಅಂತಾರೆ. ಅಪ್ಪ ಕುಡಿದು ಬಂದ ರಾತ್ರಿ ಮಲಗದೇ ಇರೋ ಮಗುಗೆ ಟೆನ್ಷನ್ ಇರಲ್ವಾ? ಆ ಮೇಡಂ ಬಂದು ಏನಾಯ್ತು ಅಂತ ಕೇಳೋದೇ ಇಲ್ಲ, ಚೌಕಾಬಾರ ಹಾಕ್ಕೊಂಡು ಕೂರ್ತಾರೆ, ಕವಡೆ ಆಡಿಸ್ತಾ ಆಡಿಸ್ತಾ ಮಕ್ಳೇ ಬಾಯಿ ಬಿಡ್ತಾರೆ. ಹೇಳಿದ್ದು ನಮ್ಮ ಕಿವಿಗೂ ಬರಲ್ಲ, ಮಗುಗೆ ಅಪಾಯ ಐತೆ ಅನ್ಸಿದ್ರೆ ಮಾತ್ರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗ್ತೈತೆ. ಮನಸ್ಸಿನ ತೊಂದ್ರೆಗೆ ಫೋನ್‌ನಾಗೆ ಸಲಹೆ ಕೊಡೋ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಗೋಡೆ ಮ್ಯಾಲೆ ಬರೆಸೀವಿ, ಫ್ರೀ ಐತೆ, ಕನ್ನಡದಾಗೇ ಮಾತಾಡ್ತಾರೆ, ಈ ಮನವಿ ಓದ್ತಿರೋ ನೀವೂ ಸೇವ್ ಮಾಡ್ಕೊಳ್ರಿ.

ಇನ್ನು ಕಣ್ಣು. ಶಾಲೆಗೆ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯ ಡಾಕ್ಟರ್ ಟೀಮ್ ಬಂದು ಚೆಕ್ ಮಾಡಿ ಚೀಟಿ ಬರ್ಕೊಡ್ತಾರೆ, ಆ ಚೀಟಿ ಹಿಡ್ಕೊಂಡು ಒಂದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗೋರು ಯಾರು, ಬ್ಯಾಗಿನಾಗೇ ಮುದ್ದೆಯಾಗಿ ಬಿದ್ದಿರ್ತೈತೆ. ನಮ್ಮ ಹುಡುಗ್ರು ಕರ್ಕೊಂಡು ಹೋಗಿ ಬರ್ತಾರೆ. ಕನ್ನಡಕ ಬಂದ ಮೇಲೂ ಮುಗೀಲಿಲ್ಲ, ಕ್ರಿಕೆಟ್ ಆಡೋವಾಗ ಮುರೀತಾವೆ, ಒಬ್ಬ ಹುಡುಗ ಮುರಿದ ಕಡ್ಡಿಗೆ ಜೀನ್ಸ್ ದಾರಾನೇ ಸುತ್ಕೊಂಡು ಬರ್ತಿದ್ದ.

ಎಸ್‌ಎಸ್‌ಎಲ್‌ಸಿ ಮಕ್ಳದ್ದು ಬೇರೇನೇ ಕಥೆ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದ್ರಾಗೆ ಹೋದ್ರೆ ಇನ್ನೊಂದು ಐತೆ, ಆದ್ರೆ ಬಹಳ ಮನೆಗಳಿಗೆ ಇದು ಗೊತ್ತೇ ಇಲ್ಲ. ರಿಸಲ್ಟ್ ದಿನ ಫೇಲ್ ಅಂತ ಬಂತೋ ಹುಡುಗ ಜೀನ್ಸ್ ತೊಳೆಯೋ ವಾಷಿಂಗ್ ಯುನಿಟ್‌ಗೆ ದುಡಿಯೋಕೆ, ಹುಡ್ಗಿಗೆ ಗಂಡು ನೋಡೋಕೆ ಶುರು. ಅದಕ್ಕೆ ರಿಸಲ್ಟ್ ಬಂದ ವಾರ ನಮ್ಮೋರು ಮನೆಮನೆಗೆ ಹೋಗಿ ಅಪ್ಪ ಅಮ್ಮನ ಕೂರಿಸ್ಕೊಂಡು ಮಾತಾಡಿ, ಮುಂದಿನ ಪರೀಕ್ಷೆಗೆ ಶಾಲ್ಯಾಗೆ ಅರ್ಜಿ ಹಾಕ್ಸಿ, ಫೇಲಾದ ಸಬ್ಜೆಕ್ಟ್‌ಗೆ ಮಾತ್ರ ಬೆಳಿಗ್ಗೆ ಕ್ಲಾಸ್ ತಗೊಂತಾರೆ. ನಮ್ಮ ಕೆಲಸದಾಗೆ ಕಡಿಮೆ ಖರ್ಚಿಗೆ ಜಾಸ್ತಿ ಫಲ ಇರೋದು ಇದೇ, ಕೇಳಿದ್ರೆ ನಾವು ಇದನ್ನೇ ಮೊದ್ಲು ಹೇಳ್ತೀವಿ.

ಲೆಕ್ಕ ಓಪನ್ ಆಗಿ ಇಡ್ತೀವಿ. ಅಕ್ಕಂದಿರು ಮೂರು ಜನಕ್ಕೆ ಗೌರವಧನ 18,000, ಸಮಾಲೋಚಕಿ ಮೇಡಂಗೆ 8,000, ತಿಂಡಿಗೆ 12,000, ಬಾಡಿಗೆ ಕರೆಂಟ್ ಸೇರಿ 7,000, ತಿಂಗಳಿಗೆ 45,000 ಆಯ್ತು, ಅಂದ್ರೆ ಒಂದು ಮಗುಗೆ 750 ರೂಪಾಯಿ. ಕನ್ನಡಕದ ಖರ್ಚು ಇದರಾಗೆ ಬಂದಿಲ್ಲ, ಅದಕ್ಕೆ ಬೇರೆ ಕೊಟ್ರೆ ಬೇರೇನೇ ಬರ್ಕೊಂತೀವಿ. ಒಂದೇ ಸಲ ದೊಡ್ಡ ಮೊತ್ತ ಹಾಕಿ ಮರೆತುಬಿಡೋದಕ್ಕಿಂತ ತಿಂಗಳಿಗೆ 200 ಆದ್ರೂ ಸರಿ ತಪ್ಪದೇ ಬಂದ್ರೆ ನಮಗೆ ಅನುಕೂಲ, ಯಾಕಂದ್ರೆ ಅಕ್ಕಂದಿರ ಸಂಬಳ ಒಂದು ತಿಂಗಳು ತಡ ಆದ್ರೆ ಅವರು ಬೇರೆ ಕೆಲಸ ನೋಡ್ಕೊಂತಾರೆ, ಮಕ್ಳು ಹೊಂದ್ಕೊಂಡಿರೋ ಟೀಚರ್ ಹೋದ್ರು ಅಂದ್ರೆ ಮತ್ತೆ ಅ ಆ ಇ ಈಯಿಂದ ಶುರು.

ಹಳೇ ಮುನ್ಸಿಪಲ್ ಹೈಸ್ಕೂಲ್, ಸರ್ಕಾರಿ ಶಾಲೆಗಳಾಗೆ ಓದಿ ಇವತ್ತು ಡಾಕ್ಟ್ರು, ಇಂಜಿನಿಯರ್ರು, ವಕೀಲರು ಆಗಿರೋರು ಊರ್ತುಂಬ ಅದೀರಿ, ನಿಮ್ಮನ್ನ ಸ್ವಲ್ಪ ಜೋರಾಗೇ ಕೇಳ್ತೀವಿ, ಬೇಜಾರ್ ಮಾಡ್ಕೋಬ್ಯಾಡ್ರಿ. ದುಡ್ಡು ಆಗಲ್ಲ ಅಂದ್ರೆ ಶನಿವಾರ ಸಂಜೆ ಬಂದು ಗಣಿತ, ಇಂಗ್ಲಿಷ್ ಹೇಳ್ಕೊಡ್ರಿ. ಆದ್ರೆ ಮಕ್ಳ ಫೋಟೋ ತೆಗೆದು ಸ್ಟೇಟಸ್ ಹಾಕೋಕೆ ಬಿಡಲ್ಲ, ನಾವೂ ಹಾಕಲ್ಲ, ಅದು ಮೊದಲಿಂದ ಇಟ್ಟಿರೋ ರೂಲ್ಸು.

ಯುಪಿಐ, ಬ್ಯಾಂಕು ಯಾವುದರಾಗೆ ಹಾಕಿದ್ರೂ ರಸೀದಿ ವಾಟ್ಸಾಪ್‌ಗೆ ಬರ್ತೈತೆ, ದಾನಕ್ಕೆ ಇನ್‌ಕಮ್ ಟ್ಯಾಕ್ಸ್ ವಿನಾಯಿತಿ ಕೊಡಿಸೋ 80ಜಿ ಸರ್ಟಿಫಿಕೇಟ್ ವರ್ಷದ ಕೊನೆಗೆ ಕಳಿಸ್ತೀವಿ. ಹೊಸ ಟ್ಯಾಕ್ಸ್ ಪದ್ಧತಿ ಆರಿಸ್ಕೊಂಡೋರಿಗೆ ಆ ವಿನಾಯಿತಿ ಸಿಗಲ್ಲ, ಹಳೇ ಪದ್ಧತಿಯೋರಿಗೂ 2,000 ಮೀರಿದ ಕ್ಯಾಶ್‌ಗೆ ಸಿಗಲ್ಲ, ಆಮೇಲೆ ನಮ್ಮ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಹಾಲ್‌ಗೇ ಬಂದು ಕ್ಯಾಶ್ ಕೊಡೋರು ಎಷ್ಟೇ ಗಡಿಬಿಡಿ ಇದ್ರೂ ರಸೀದಿ ಇಸ್ಕೊಂಡೇ ಹೋಗ್ರಿ.